ಪೂರ್ತಿ ತೆರೆದ ಬಾಗಿಲುಗಳ ಪಟ್ಟಿ

ನನ್ನ ಸೋದರಮಾವನನ್ನು ವಾರ್ಡಿನಲ್ಲಿ ಎಲ್ಲರೂ ಕರೆಯುವುದು ಮೀಟರ್ ಎಂದು. ಮೂವತ್ತೊಂದು ವರ್ಷ ಮನೆಮನೆ ಸುತ್ತಿ ಕರೆಂಟಿನ ಮೀಟರ್ ಓದಿದ ಮನುಷ್ಯ. ನಿವೃತ್ತನಾಗಿ ಆರು ವರ್ಷವಾಯಿತು, ಹೆಸರು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಮಕ್ಕಳು ಮೀಟರ್ ತಾತ ಅನ್ನುತ್ತವೆ, ದೊಡ್ಡವರು ಮೀಟರಣ್ಣ ಅನ್ನುತ್ತಾರೆ. ನನ್ನ ಅಮ್ಮ, ಅಂದರೆ ಅವನ ಅಕ್ಕ, ಸಿಟ್ಟು ಬಂದಾಗ "ಆ ಮೀಟರ್‌ಗೆ ಹೇಳು" ಅನ್ನುತ್ತಾಳೆ. ನಾನು ಮಾವ ಅನ್ನುತ್ತೇನೆ. ಅವನ ಬಗ್ಗೆ ಬರೆಯಲು ಬೇರೆ ಯಾರೂ ಮುಂದೆ ಬರಲಿಲ್ಲವಾದ್ದರಿಂದ ನಾನೇ ಕೂತಿದ್ದೇನೆ. ಅವನ ಪಕ್ಷದವರು ಬರೆದರೆ ಹೊಗಳಿ ಅಟ್ಟಕ್ಕೇರಿಸುತ್ತಾರೆ. ಎದುರು ಪಕ್ಷದವರಿಗೆ ಅವನ ಮೇಲೆ ಬರೆಯುವಷ್ಟು ಸಿಟ್ಟೂ ಇಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ಮೇಲ್ವಿಚಾರಕ ಅವನನ್ನು ಕರೆದು ಮೂರೇ ಮಾತು ಹೇಳಿದನಂತೆ: "ಓದು, ಬರಿ, ನಡಿ. ಯಾರ ಮನೇಲೂ ಏನೂ ಕೇಳ್ಬೇಡ." ಬೇರೆಯವರಾಗಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದರು. ಮಾವ ಅದನ್ನು ನೆತ್ತಿಯ ಮೇಲೆ ಹೊತ್ತುಕೊಂಡ. ಜನರ ಮನೆಯೊಳಗೆ ಹೋಗಿ, ಮೆಟ್ಟಿಲ ಕೆಳಗೋ ಅಡುಗೆಮನೆಯ ಹಿಂದೆಯೋ ಇರುವ ಡಬ್ಬಿಗೆ ಟಾರ್ಚ್ ಬಿಟ್ಟು, ಅಂಕಿ ಬರೆದುಕೊಂಡು ಹೊರಬರುತ್ತಿದ್ದ. ಒಳಗೆ ಗಂಡ ಹೆಂಡತಿ ಪಾತ್ರೆ ಎಸೆದಾಡುತ್ತಿದ್ದರೂ ಅವನಿಗೆ ಮೀಟರಿನ ಅಂಕಿಯೊಂದೇ ಕಾಣುತ್ತಿತ್ತು. ಅದಕ್ಕೇ ಜನರಿಗೆ ಅವನು ಬೇಕಾಗಿದ್ದ. ಕುಡಿಯಲು ನೀರು ಕೊಡುತ್ತಿದ್ದರು, ಕೂರಿಸುತ್ತಿದ್ದರು, ಮಗಳಿಗೆ ಕೆಲಸ ಸಿಕ್ಕಿತು ಎಂದು ತಾವಾಗಿಯೇ ಹೇಳುತ್ತಿದ್ದರು. ಕೇಳದವನ ಹತ್ತಿರ ಹೇಳಿಕೊಳ್ಳುವುದು ಸುಲಭ.

ಆ ಓಡಾಟದಲ್ಲಿ ಮಾವ ಒಂದು ವಿದ್ಯೆ ಕಲಿತ. ಗಂಟೆ ಒತ್ತಿದಾಗ ಬಾಗಿಲು ಎಷ್ಟು ತೆರೆಯುತ್ತದೆ ಎಂದು ನೋಡುವುದು. ಕೆಲವು ಮನೆಯವರು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಕೆಲವರು ಅರ್ಧ ತೆರೆದು ಅದೇ ಸಂದಿಯಲ್ಲಿ ತಾವು ನಿಂತುಬಿಡುತ್ತಾರೆ. ಕೆಲವರು ತೆರೆಯುವುದೇ ಇಲ್ಲ, ಒಳಗಿನಿಂದಲೇ "ಯಾರು?" ಅನ್ನುತ್ತಾರೆ. ಮನೆಯವರ ಸ್ವಭಾವ ತಿಳಿಯಲು ಇಷ್ಟು ಸಾಕು ಎಂಬುದು ಅವನ ವಾದ. ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. "ನಿನಗೆ ಕದ ಶಾಸ್ತ್ರಿ ಅಂತ ಬೋರ್ಡ್ ಹಾಕಿಸ್ಕೊಡ್ತೀನಿ ಮಾವ" ಎಂದರೆ, "ಹಾಕಿಸು, ದೊಡ್ಡಕ್ಷರದಲ್ಲಿ ಹಾಕಿಸು" ಅನ್ನುತ್ತಿದ್ದ.

ಮದುವೆಯಾದ ಹೊಸತರಲ್ಲೇ ಅವನು ಪಕ್ಷಕ್ಕೂ ಸೇರಿದ. ಅತ್ತೆಯ ದೃಷ್ಟಿಯಲ್ಲಿ ಅವಳು ಎರಡನೆಯ ಹೆಂಡತಿ. ಪಕ್ಷ ಎಂದರೆ ಆಸ್ಪತ್ರೆ ಸಂಜೆಯೂ ತೆರೆದಿರಬೇಕು, ಬಾಡಿಗೆ ಮನಸ್ಸಿಗೆ ಬಂದಂತೆ ಏರಿಸಬಾರದು, ಹೆಂಗಸರಿಗೂ ಗಂಡಸರಿಗೂ ಒಂದೇ ಕೂಲಿ ಕೊಡಬೇಕು, ಕಾರ್ಖಾನೆಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು ಒಂದು ಜಾಗ ಬೇಕು ಎನ್ನುವವರು. ಮಾತೆಲ್ಲ ಸರಿಯಾದದ್ದೇ. ಚುನಾವಣೆ ಬಂದಾಗ ಮಾತ್ರ ನಮ್ಮ ವಾರ್ಡಿನಲ್ಲಿ ಸೋಲುತ್ತಿದ್ದರು. ಒಂದು ಸಲವಲ್ಲ, ಏಳು ಸಲ. ಏಳೂ ಸಲ ಮಾವ ಮತ ಎಣಿಸುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದು, ಅಂಕಿ ಕೇಳಿ, ಬಸ್ಸು ಹಿಡಿದು ವಾಪಸು ಬಂದ. ಅತ್ತೆ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ಅವನಿಗೆ ಉಳಿದಿದ್ದ ಆಸೆ ಒಂದೇ. "ಒಂದು ಸಲ ಗೆದ್ದಿದ್ದು ನೋಡ್ಬೇಕು ಕಣೇ. ಒಂದೇ ಒಂದು ಸಲ. ಆಮೇಲೆ ನಿಮ್ಮ ಪಕ್ಷ, ನಿಮ್ಮ ಬಾವುಟ ಅಂತ ಕೈ ತೊಳ್ಕೊಂಡು ಬಿಡ್ತೀನಿ." ಇದನ್ನು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಹೇಳುತ್ತಿದ್ದ. ಅಮ್ಮ ಬಡಿಸುತ್ತ "ಮೊದಲು ಊಟಕ್ಕೆ ಕೈ ತೊಳ್ಕೋ" ಅನ್ನುತ್ತಿದ್ದಳು.

ನಾನು ಅಮ್ಮನ ಜೊತೆ ಇರುವವಳು. ಗಂಡನ ಮನೆ ನನಗೆ ಒಗ್ಗಲಿಲ್ಲ, ಅವರಿಗೂ ನಾನು ಒಗ್ಗಲಿಲ್ಲ. ವಿಷಯ ಅಷ್ಟೇ, ಅದರಲ್ಲಿ ಕತೆ ಏನಿಲ್ಲ. ಬಂದ ಮೇಲೆ ಜೆರಾಕ್ಸ್ ಅಂಗಡಿ ಹಾಕಿದೆ. ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್, ಒಂದು ಫ್ಯಾನು, ಫ್ಯಾನಿನ ಗಾಳಿಗೆ ಹಾರುವ ಕಾಗದದ ಮೇಲಿಡಲು ನಾಲ್ಕು ಕಲ್ಲು. ಪಕ್ಕದಲ್ಲಿ ಸೈಕಲ್ ರಿಪೇರಿ ಅಂಗಡಿ, ಅದರ ಮಹಡಿಯ ಮೇಲೆ ಪಕ್ಷದ ಕಚೇರಿ. ಹೀಗಾಗಿ ಪಕ್ಷದ ಕರಪತ್ರ, ಪಟ್ಟಿ, ಮನವಿ ಎಲ್ಲವೂ ನನ್ನ ಅಂಗಡಿಗೇ ಇಳಿದು ಬರುತ್ತಿದ್ದವು. ನಾನು ಪಕ್ಷದವಳಲ್ಲ. ಯಾವ ಪಕ್ಷದವಳೂ ಅಲ್ಲ. ಯಾರು ಗೆದ್ದರೂ ನನ್ನ ಯಂತ್ರಕ್ಕೆ ಹಾಳೆ ತುಂಬಿಸುವುದು ನಾನೇ ತಾನೇ.

ಎಂಟನೆಯ ಚುನಾವಣೆಗೆ ಎರಡು ತಿಂಗಳಿರುವಾಗ ಪಕ್ಷದ ಕೇಂದ್ರ ಕಚೇರಿಯಿಂದ ಒಬ್ಬರು ಬಂದಿಳಿದರು. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ಎರಡು ಫೋನು. ಚುನಾವಣಾ ತಂತ್ರ ಹೂಡುವುದೇ ಅವರ ಕೆಲಸ. ಬಾಯಿ ಬಿಟ್ಟರೆ ಶೇಕಡಾ ಇಷ್ಟು, ಶೇಕಡಾ ಅಷ್ಟು. ಎರಡನೆಯ ದಿನಕ್ಕೇ ಕಚೇರಿಯವರು ಅವರಿಗೆ ಶೇಕಡಾ ಎಂದು ಹೆಸರಿಟ್ಟರು. ಅವರಿಗೂ ಗೊತ್ತಾಯಿತು, ಬೇಜಾರು ಮಾಡಿಕೊಳ್ಳಲಿಲ್ಲ.

ಶೇಕಡಾ ಮೊದಲು ಮಾಡಿದ್ದು ಅಭ್ಯರ್ಥಿಯನ್ನು ಬದಲಿಸಿದ್ದು. ಮೂರು ಸಲ ನಿಂತು ಸೋತಿದ್ದ ವಕೀಲರನ್ನು ಬಿಟ್ಟು, ವಾರ್ಡಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ನರ್ಸಮ್ಮನನ್ನು ನಿಲ್ಲಿಸಿದರು. ಅದು ಒಳ್ಳೆಯ ಕೆಲಸ ಎಂದು ನನಗೂ ಅನಿಸಿತು. ಎರಡನೆಯದಾಗಿ ಅವರು ಕೇಳಿದ್ದು, "ಈ ವಾರ್ಡಲ್ಲಿ ಯಾರು ನಮ್ಮವರು, ಯಾರು ಅಲ್ಲ ಅನ್ನೋ ಲೆಕ್ಕ ಯಾರ ಹತ್ರ ಇದೆ?"

ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಚೀಲದಿಂದ ಉದ್ದನೆಯ ಪುಸ್ತಕ ತೆಗೆದ. ಒಂದೊಂದು ಬೀದಿಗೆ ಒಂದೊಂದು ಪುಟ, ಒಂದೊಂದು ಮನೆಗೆ ಒಂದೊಂದು ಸಾಲು, ಸಾಲಿನ ಕೊನೆಯಲ್ಲಿ ಪೆನ್ಸಿಲಿನ ಗುರುತು. ಪೂರ್ತಿ ಬಾಗಿಲಿಗೆ ಒಂದು, ಅರ್ಧ ಬಾಗಿಲಿಗೆ ಎರಡು, ಮುಚ್ಚಿದ ಬಾಗಿಲಿಗೆ ಮೂರು. ಸಾವಿರದ ಮುನ್ನೂರ ಇಪ್ಪತ್ತಾರು ಮನೆ. ಅದರಲ್ಲಿ ಐನೂರ ನಲವತ್ತು ಪೂರ್ತಿ ಬಾಗಿಲು. ಒಂದು ಅಂದರೆ ನಮ್ಮವರು ಎಂದು ಮಾವ ವಿವರಿಸಿದ. ಮೂವತ್ತು ವರ್ಷ ಎದೆಗೆ ಪಕ್ಷದ ಬಿಲ್ಲೆ ಚುಚ್ಚಿಕೊಂಡೇ ಆ ಬಾಗಿಲುಗಳನ್ನು ತಟ್ಟಿದ್ದನಲ್ಲ, ನಮ್ಮವರಲ್ಲದಿದ್ದರೆ ಹಾಗೆ ತೆರೆಯುತ್ತಿದ್ದರೇ?

ಶೇಕಡಾ ಅಲ್ಲೇ ಫೋನಿನಲ್ಲಿ ಲೆಕ್ಕ ಹಾಕಿದರು. ಮನೆಗೆ ಎರಡೂಕಾಲು ಮತದಂತೆ ಐನೂರ ನಲವತ್ತು ಮನೆಗೆ ಸಾವಿರದ ಇನ್ನೂರ ಹದಿನೈದು. ಕಳೆದ ಸಲ ಪಕ್ಷಕ್ಕೆ ಬಂದಿದ್ದು ಸಾವಿರದ ಇನ್ನೂರ ಹದಿನಾಲ್ಕು. ಒಂದೇ ಒಂದು ಮತದ ವ್ಯತ್ಯಾಸ. ಅವರು ಫೋನು ಕೆಳಗಿಟ್ಟು ಎದ್ದು ಮಾವನ ಕೈ ಕುಲುಕಿದರಂತೆ. ಎರಡೂಕಾಲೇ ಏಕೆ, ಎರಡೂವರೆ ಏಕಲ್ಲ ಎಂದು ಕೇಳುವ ಬುದ್ಧಿ ಆ ಕೋಣೆಯಲ್ಲಿ ಯಾರಿಗೂ ಹುಟ್ಟಲಿಲ್ಲ. ಗೆಲ್ಲುವ ಆಸೆ ಹತ್ತಿದವರಿಗೆ ಕೂಡಿ ಬಂದ ಲೆಕ್ಕದ ಮೇಲೆ ಅನುಮಾನ ಬರುವುದಿಲ್ಲ.

ತಂತ್ರ ತಯಾರಾಯಿತು. ಕಳೆದ ಸಲ ಸೋತಿದ್ದು ಇನ್ನೂರ ಹನ್ನೆರಡು ಮತದಿಂದ. ಪೂರ್ತಿ ಬಾಗಿಲಿನವರು ಹೇಗೂ ನಮ್ಮವರು, ಅಲ್ಲಿ ಹೋಗಿ ಕಾಲ ಕಳೆಯಬೇಡಿ. ಮುಚ್ಚಿದ ಬಾಗಿಲಿನವರು ಹೇಗೂ ಬರುವುದಿಲ್ಲ, ಅವರನ್ನು ಬಿಟ್ಟುಬಿಡಿ. ಇರುವ ಮೂವತ್ತು ಜನ ಕಾರ್ಯಕರ್ತರೂ ಅರ್ಧ ಬಾಗಿಲಿನ ನಾನೂರ ಹತ್ತು ಮನೆಗಳಿಗೇ ಹೋಗಲಿ, ಮೂರು ಮೂರು ಸಲ ಹೋಗಲಿ. ಪಟ್ಟಿಯನ್ನು ಟೈಪ್ ಮಾಡುವ ಕೆಲಸ ನನಗೆ ಬಂತು.

ಮೂರು ದಿನ ಕೂತು ಟೈಪ್ ಮಾಡಿದೆ. ನಮ್ಮ ಬೀದಿಯ ಪುಟ ಬಂದಾಗ ಮೊದಲ ಸಾಲಿನಲ್ಲೇ ನಮ್ಮ ಮನೆ ಇತ್ತು, ಮುಂದೆ ಒಂದು ಎಂದು ದಪ್ಪಗೆ ಬರೆದಿತ್ತು. ನನಗೆ ನಗು ಬಂತು. ಅಮ್ಮ ಜನ್ಮದಲ್ಲಿ ಒಂದು ಸಲವೂ ಆ ಪಕ್ಷಕ್ಕೆ ಮತ ಹಾಕಿದವಳಲ್ಲ. ಅಪ್ಪ ಇದ್ದಾಗ ಅಪ್ಪ ಹೇಳಿದವರಿಗೆ, ಅಪ್ಪ ಹೋದ ಮೇಲೂ ಅವರಿಗೇ. ಇನ್ನು ನಾನು ಮತ ಹಾಕಲು ಹೋದವಳೇ ಅಲ್ಲ. ಒಂದನ್ನು ಅಳಿಸಿ ಮೂರು ಮಾಡು ಎಂದು ಮನಸ್ಸು ಹೇಳಿತು. ಹೇಳಲು ಹೋದರೆ ಮಾವನ ಮುಖ ನೋಡಬೇಕು. ನನಗೇಕೆ ಇಲ್ಲದ ಉಸಾಬರಿ ಎಂದು ಇದ್ದದ್ದನ್ನು ಇದ್ದಂತೆ ಹೊಡೆದು ಕೊಟ್ಟೆ.

ಆ ಆರು ವಾರ ಮಾವ ಹತ್ತು ವರ್ಷ ಚಿಕ್ಕವನಾದ. ಏಳು ಸೋಲಿನಲ್ಲಿ ಅವನ ಮಾತು ಯಾರೂ ಕೇಳಿರಲಿಲ್ಲ, ಈಗ ಸಭೆ ಶುರುವಾಗುವುದಕ್ಕೆ ಅವನು ಬರಬೇಕಿತ್ತು. "ಮೀಟರಣ್ಣನ ಪಟ್ಟಿ ನಮ್ಮ ಅಡಿಪಾಯ" ಎಂದು ಶೇಕಡಾ ಮೇಲಿನವರಿಗೆ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು ಬಂದು, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನಾಲ್ಕು ಸಲ ಅದನ್ನೇ ಹೇಳಿದ. ಹೊಸ ಚಪ್ಪಲಿ ಕೊಂಡುಕೊಂಡ. ಚೆನ್ನಾಗಿದೆ ಎಂದು ಹೇಳಿ ನಾನು ಯಂತ್ರದ ಕಡೆ ತಿರುಗಿದೆ.

ಮತದಾನಕ್ಕೆ ಹದಿನೆಂಟು ದಿನವಿರುವಾಗ ಮಾವ ಪ್ಯಾಂಟಿನ ಜಿಪ್ ಹಾಕಿಸಲು ಟೈಲರ್ ಬಳಿ ಹೋದ. ಟೈಲರ್ ಮನೆ ಪೂರ್ತಿ ಬಾಗಿಲುಗಳಲ್ಲೇ ಪೂರ್ತಿ ಬಾಗಿಲು. ಮಾವ ಮೊದಲ ಸಲ ಮೀಟರ್ ಓದಲು ಹೋದಾಗಿನಿಂದ ಅವನನ್ನು ಕೂರಿಸದೆ ಕಳಿಸಿದವನಲ್ಲ. ಅಂದು ಅವನ ಮಿಷಿನ್ನಿನ ಪಕ್ಕ ಎದುರು ಪಕ್ಷದ ಬಾವುಟಗಳ ರಾಶಿ ಬಿದ್ದಿತ್ತು. ಹೊಟ್ಟೆಪಾಡು, ಹೊಲಿಯುತ್ತಾನೆ ಎಂದುಕೊಂಡು ಮಾವ ಕೂತ.

"ಈ ಸಲ ನಿಮ್ಮ ಕಡೆಯಿಂದ ಯಾರಣ್ಣ ನಿಂತಿರೋದು?" ಎಂದು ಟೈಲರ್ ಕೇಳಿದ.

"ನಮ್ಮ ಕಡೆ ಅಂದ್ರೆ?"

"ನಿಮ್ಮ ಪಕ್ಷದ ಕಡೆಯಿಂದ. ನಾವು ಮೊದಲಿಂದ್ಲೂ ಇವರಿಗೇ ಅಲ್ವಾ" ಎಂದು ಟೈಲರ್ ಬಾವುಟದ ರಾಶಿಯನ್ನು ಕಾಲಿನಿಂದ ತೋರಿಸಿದ.

"ಮತ್ತೆ ನಾನು ಬಂದಾಗೆಲ್ಲ..." ಎಂದನಂತೆ ಮಾವ.

"ನೀನು ಬಂದ್ರೆ ಬಾಗಿಲು ತೆಗೀದೇ ಇರೋಕಾಗುತ್ತಾ? ಒಳ್ಳೆ ಚೆನ್ನಾಗಿದೆ" ಎಂದು ಟೈಲರ್ ನಕ್ಕು ಜಿಪ್ ಹಾಕಿಕೊಟ್ಟ.

ಮಾವ ಅಲ್ಲಿಂದ ಸೀದಾ ಮನೆಗೆ ಹೋಗಲಿಲ್ಲ. ಅದೇ ಬೀದಿಯ ಇನ್ನೂ ನಾಲ್ಕು ಪೂರ್ತಿ ಬಾಗಿಲುಗಳನ್ನು ತಟ್ಟಿ, ಬದುಕಿನಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ. ಇಬ್ಬರು ಹೌದು ಎಂದರು. ಒಬ್ಬರು ಇಲ್ಲ ಎಂದರು. ಒಬ್ಬರು ನೆಲ ನೋಡಿದರು. ಆಮೇಲೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ. ನಡೆದದ್ದನ್ನೆಲ್ಲ ಹೇಳಿದ.

"ನಿಮ್ಮಮ್ಮ?" ಎಂದ.

ನಾನು ಯಂತ್ರಕ್ಕೆ ಹಾಳೆ ತುಂಬುತ್ತಿದ್ದೆ, ತುಂಬುತ್ತಲೇ ಇದ್ದೆ. "ನೀನೇ ಕೇಳು ಮಾವ" ಎಂದೆ.

ಅದರಲ್ಲೇ ಅವನಿಗೆ ಉತ್ತರ ಸಿಕ್ಕಿತು. "ಮೂವತ್ತು ವರ್ಷ ನನ್ನನ್ನ ಕಂಡು ಬಾಗಿಲು ತೆಗೆದ್ರು, ನಾನು ಪಕ್ಷಾನ ಕಂಡು ತೆಗೆದ್ರು ಅಂದ್ಕೊಂಡೆ. ಎಂಥಾ ಪೆದ್ದ ನಾನು."

ಪೆದ್ದನಲ್ಲ ಎಂದು ಹೇಳಬೇಕಿತ್ತು. ಆ ಹೊತ್ತಿಗೆ ಒಬ್ಬ ಗಿರಾಕಿ ಬಂದ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೋತರೆ ಎಂಟನೆಯ ಸೋಲು, ಅದರ ಭಾರ ಹೊರಲು ಶೇಕಡಾ ಇದ್ದೇ ಇದ್ದರು. ಆದರೆ ಮರುದಿನ ಬೆಳಗ್ಗೆ ಮಾವ ಕಚೇರಿಯ ಮಹಡಿ ಹತ್ತಿ, ಮೂವತ್ತು ಜನ ಕಾರ್ಯಕರ್ತರೆದುರು ಎದ್ದು ನಿಂತು, "ನನ್ನ ಪಟ್ಟಿ ಸರಿ ಇಲ್ಲ" ಎಂದ. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡನಂತೆ. ನನಗೆ ವರದಿ ಕೊಟ್ಟವನು ಅವನೇ.

"ಎಷ್ಟು ಶೇಕಡಾ ತಪ್ಪಿರಬಹುದು?" ಎಂದು ಶೇಕಡಾ ಕೇಳಿದರು.

"ಗೊತ್ತಿಲ್ಲ. ನಾನು ಯಾರನ್ನೂ ಕೇಳಿಲ್ಲ. ಕೇಳಿದ ಮೇಲೆ ಗೊತ್ತಾಗುತ್ತೆ."

"ಮೂವತ್ತು ವರ್ಷದಲ್ಲಿ ಒಬ್ಬರನ್ನೂ ಕೇಳಿಲ್ವಾ?"

"ಇಲ್ಲ."

ಶೇಕಡಾ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕರಪತ್ರಗಳೆಲ್ಲ ಅಚ್ಚಾಗಿದ್ದವು, ತಂಡಗಳು ಹಂಚಿಕೆಯಾಗಿದ್ದವು, ಉಳಿದಿದ್ದು ಹದಿನೇಳು ದಿನ. ತಂಡಗಳು ಅರ್ಧ ಬಾಗಿಲಿನಲ್ಲೇ ಮುಂದುವರಿಯಲಿ, ಈಗ ದಿಕ್ಕು ಬದಲಿಸಿದರೆ ಎರಡೂ ಕಡೆ ಕೆಡುತ್ತದೆ ಎಂದು ತೀರ್ಮಾನಿಸಿದರು. ಅದೂ ತಪ್ಪಲ್ಲ. "ಪೂರ್ತಿ ಬಾಗಿಲು ನಿಮ್ಮದು ಮೀಟರಣ್ಣ, ನೀವೇ ನೋಡ್ಕೊಳ್ಳಿ" ಎಂದರು. ಅಂದಿನಿಂದ ಸಭೆ ಅವನಿಗಾಗಿ ಕಾಯಲಿಲ್ಲ.

ಐನೂರ ನಲವತ್ತು ಮನೆ, ಒಬ್ಬ ಮುದುಕ. ದಿನಕ್ಕೆ ಮೂವತ್ತು ಮೂವತ್ತೈದು ಮನೆಯಾಗಬೇಕು. ಬೆಳಗ್ಗೆ ಏಳಕ್ಕೆ ಹೊರಟರೆ ಕತ್ತಲಾಗುವವರೆಗೂ ಬೀದಿಯಲ್ಲೇ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ. ನರ್ಸಮ್ಮ ಸಂಜೆಯ ಹೊತ್ತು ಅವನ ಜೊತೆ ಸೇರುತ್ತಿದ್ದಳು, ಆ ಬ್ಯಾಂಡೇಜು ಬದಲಿಸುವವಳೂ ಅವಳೇ. ಅವನು ಬಾಗಿಲಲ್ಲೇ ನಿಂತು ಕೇಳುತ್ತಿದ್ದ: "ನಮಗೆ ಹಾಕ್ತೀರಾ? ಇಲ್ಲ ಅಂದ್ರೆ ಯಾಕೆ ಅಂತ ಹೇಳಿ."

ಇದರ ಪರಿಣಾಮ ಎರಡೇ ದಿನದಲ್ಲಿ ಕಾಣಿಸಿತು. ಕೇಳದ ಮೀಟರಣ್ಣನಿಗೆ ತೆರೆಯುತ್ತಿದ್ದ ಬಾಗಿಲು, ಕೇಳುವ ಮೀಟರಣ್ಣನಿಗೆ ಅಷ್ಟು ತೆರೆಯಲಿಲ್ಲ. ಒಂದು ಮನೆಯಲ್ಲಿ, ಒಳಗಿದ್ದೂ ಇಲ್ಲ ಎಂದು ಮಗುವಿನ ಕೈಲಿ ಹೇಳಿಸಿದರು. ಇನ್ನೊಂದು ಮನೆಯ ಅಜ್ಜಿ, "ನೀನೂ ಎಲ್ಲರ ಥರಾ ಆಗ್ಬಿಟ್ಯಲ್ಲಪ್ಪ" ಎಂದು ಮೂಗು ಮುರಿದಳು. ಆ ಮಾತನ್ನು ಮಾವ ನನಗೆ ಎರಡು ಸಲ ಹೇಳಿದ. ಆ ಅಜ್ಜಿಯ ಮನೆಯ ಮೀಟರ್ ಕೋಣೆಯಲ್ಲಿ ಅವನು ಒಂದು ಸಲ ಬೆಂಕಿ ಆರಿಸಿದ್ದ. ಮೂವತ್ತು ವರ್ಷ ಕೂಡಿಟ್ಟ ಸಲುಗೆಯನ್ನು ಅವನು ದಿನಕ್ಕೆ ಮೂವತ್ತೈದು ಮನೆಯಂತೆ ಕಳೆದುಕೊಳ್ಳುತ್ತಿದ್ದ, ಅದು ಅವನಿಗೂ ಗೊತ್ತಿತ್ತು.

"ಸಾಕು ಬಿಡು ಮಾವ, ಯಾಕೆ ಹೀಗೆ ಬೈಸ್ಕೊಳ್ತೀಯ" ಎಂದೆ ಒಂದು ದಿನ.

"ಒಂದು ಸಲ ಗೆಲ್ಬೇಕು ಕಣೇ" ಎಂದ, ಅಷ್ಟೇ.

ಆದರೆ ಇನ್ನೊಂದೂ ಆಗುತ್ತಿತ್ತು. ಯಾಕೆ ಎಂದು ಕೇಳಿದ್ದಕ್ಕೆ ಜನ ಹೇಳತೊಡಗಿದರು. ನಿಮ್ಮವರು ಕೆಲಸ ಮುಗಿಸಿ ಬರುವ ಹೊತ್ತಿಗೆ ಎಂದೂ ಸಿಗುವುದಿಲ್ಲ. ನಿಮ್ಮ ಕರಪತ್ರ ಓದಿದರೆ ತಲೆನೋವು ಬರುತ್ತದೆ. ಬಾಡಿಗೆ ಬಾಡಿಗೆ ಅನ್ನುತ್ತೀರಿ, ನಮ್ಮದು ಸ್ವಂತ ಮನೆ, ನಮಗೇನು ಮಾಡುತ್ತೀರಿ? ಮಾವ ಎಲ್ಲವನ್ನೂ ಬರೆದುಕೊಂಡು ಬಂದು ನನ್ನಿಂದ ಟೈಪ್ ಮಾಡಿಸಿದ. ನರ್ಸಮ್ಮ ಆ ಹಾಳೆಗಳನ್ನು ಹಿಡಿದುಕೊಂಡು ಆಯಾ ಮನೆಗೇ ಹೋಗಿ ಉತ್ತರ ಹೇಳಿದಳು. ಉತ್ತರ ಇಲ್ಲದಿದ್ದರೆ ಇಲ್ಲ ಎಂದಳು. ಟೈಲರ್ ಬಳಿಯೂ ಹೋಗಿ, ಅವನ ಹೆಂಡತಿಯ ಬೆನ್ನುನೋವಿನ ವಿಚಾರದಿಂದ ಶುರುಮಾಡಿ ಮುಕ್ಕಾಲು ಗಂಟೆ ಕೂತಳಂತೆ.

ನಮ್ಮ ಮನೆಯನ್ನು ಮಾವ ಕೊನೆಗೆ ಇಟ್ಟುಕೊಂಡಿದ್ದ. ಮತದಾನಕ್ಕೆ ಮುಂಚಿನ ಭಾನುವಾರ ಬಂದ. ಬಾಗಿಲು ತೆರೆದೇ ಇತ್ತು. ಒಳಗೆ ಬಂದು ತಟ್ಟೆಯ ಮುಂದೆ ಕೂತು, ಊಟಕ್ಕೆ ಕೈ ಹಾಕದೆ, "ಅಕ್ಕ, ಒಂದು ಮಾತು ಕೇಳ್ಬೇಕು" ಎಂದ.

ಅಮ್ಮ ಸೌಟು ಕೆಳಗಿಟ್ಟಳು. ಊರೆಲ್ಲ ಸುದ್ದಿಯಾಗಿತ್ತು, ಅವಳಿಗೆ ತಿಳಿಯದ್ದೇನಲ್ಲ. "ಊಟಕ್ಕೆ ಬಂದಿದೀಯೋ, ಕೇಳೋಕೆ ಬಂದಿದೀಯೋ?"

"ಕೇಳೋಕೆ."

"ಹಾಗಾದ್ರೆ ಕೂತ್ಕೊಂಡು ಯಾಕೆ ಕೇಳ್ತೀಯ? ಬೇರೆಯವರ ಮನೇಲಿ ಬಾಗಿಲಲ್ಲಿ ನಿಂತು ಕೇಳ್ತೀಯಂತೆ. ನಾನೇನು ಕಡಿಮೆಯವಳಾ?"

ತಮಾಷೆ ಎಂದುಕೊಂಡು ನಾನು ನಕ್ಕೆ. ಅಮ್ಮ ನಗಲಿಲ್ಲ. ಮಾವ ಎದ್ದ, ಚಪ್ಪಲಿ ಹಾಕಿಕೊಂಡ, ಹೊರಗೆ ಹೋಗಿ ನಿಂತ. ಅರವತ್ತಾರು ವರ್ಷದ ತಮ್ಮ ಎಪ್ಪತ್ತೊಂದು ವರ್ಷದ ಅಕ್ಕನ ಹೊಸ್ತಿಲಾಚೆ, ಅಪರಿಚಿತನಂತೆ.

"ನಮಗೆ ಹಾಕ್ತೀಯಾ ಅಕ್ಕ?"

"ಇಲ್ಲಿವರೆಗೂ ಹಾಕಿಲ್ಲ."

"ಗೊತ್ತಾಯ್ತು. ಯಾಕೆ?"

"ನಿಮ್ಮ ಭಾವ ಬೇಡ ಅಂತಿದ್ರು. ಅವರು ಹೋದ್ಮೇಲೆ ನೀನು ಕೇಳಿದ್ರೆ ಹಾಕೋಣ ಅಂತಿದ್ದೆ. ಹದಿನಾಲ್ಕು ವರ್ಷ ಪ್ರತಿ ಭಾನುವಾರ ಬಂದು ಪಕ್ಷ, ಪಕ್ಷ ಅಂತ ತಲೆ ತಿಂದೆ. ಅಕ್ಕ ನಿನಗೇನನ್ಸುತ್ತೆ ಅಂತ ಒಂದು ದಿನ ಕೇಳ್ದೆಯಾ? ನಾನು ಬಡಿಸೋಳು, ನನ್ನನ್ನೇನು ಕೇಳೋದು, ಅಲ್ವಾ?"

ಮಾವ ತಲೆ ತಗ್ಗಿಸಿದ. ಆಮೇಲೆ ತಲೆ ಎತ್ತಿ, ಅಲ್ಲೇ ನಿಂತು, ಆಸ್ಪತ್ರೆಯ ವಿಚಾರ ಹೇಳಿದ. ಅಮ್ಮ ಮಂಡಿನೋವಿಗೆ ಎರಡು ಬಸ್ಸು ಬದಲಿಸಿ ಹೋಗುವ ವಿಚಾರ, ಸಂಜೆ ಇಲ್ಲೇ ಡಾಕ್ಟರು ಕೂರುವಂತೆ ಮಾಡಲು ಏನು ಬೇಕು ಎನ್ನುವುದು, ಅದರಲ್ಲಿ ಆಗುವುದೆಷ್ಟು, ಆಗದಿರುವುದೆಷ್ಟು. ಹತ್ತು ನಿಮಿಷ ಮಾತಾಡಿದ. ಅಮ್ಮ ನಡುವೆ ನಾಲ್ಕು ಪ್ರಶ್ನೆ ಕೇಳಿದಳು, ನಾಲ್ಕೂ ಗಟ್ಟಿ ಪ್ರಶ್ನೆಗಳು. ಅಮ್ಮನಿಗೆ ಇಷ್ಟೆಲ್ಲ ತಿಳಿದಿದೆ ಎಂದು ನನಗೂ ಗೊತ್ತಿರಲಿಲ್ಲ.

"ನೋಡೋಣ" ಎಂದಳು ಕೊನೆಗೆ. "ಈಗ ಒಳಗೆ ಬಾ, ಅನ್ನ ಆರಿಹೋಯ್ತು."

ಅಂದು ಸಂಜೆ ಮಾವನ ಹೊಸ ಲೆಕ್ಕ ಮುಗಿಯಿತು. ಐನೂರ ನಲವತ್ತು ಪೂರ್ತಿ ಬಾಗಿಲುಗಳಲ್ಲಿ ಹೌದು ಎಂದವರು ಇನ್ನೂರ ಮೂವತ್ತೊಂದು, ಇಲ್ಲ ಎಂದವರು ನೂರ ಎಪ್ಪತ್ತನಾಲ್ಕು, ನೋಡೋಣ ಎಂದವರು ನೂರ ಮೂವತ್ತೈದು. ಅಮ್ಮನನ್ನು ನೋಡೋಣದಲ್ಲಿ ಬರೆದ. ಹಾಳೆಯ ನಕಲು ತೆಗೆದುಕೊಡುತ್ತ, "ಗೆಲ್ತೀವಾ ಮಾವ?" ಎಂದೆ. "ಓದಿಯಾಯ್ತು, ಬರೆದಾಯ್ತು. ಇನ್ನು ನಡಿಯೋದು" ಎಂದು ಎದ್ದು ಹೋದ.

ಮತದಾನದ ದಿನ ನನ್ನ ಅಂಗಡಿಗೆ ಉಸಿರಾಡಲು ಬಿಡುವಿರಲಿಲ್ಲ. ಗುರುತಿನ ಚೀಟಿಯ ನಕಲು ಬೇಕೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಬೇಕಿರಲಿಲ್ಲ, ಆದರೂ ಸಾಲು ಸೈಕಲ್ ಅಂಗಡಿ ದಾಟಿತ್ತು. ಟೈಲರ್ ಬಂದ, ಮೂಗು ಮುರಿದ ಅಜ್ಜಿ ಬಂದಳು, ಅಮ್ಮನೂ ಬಂದು ನಕಲು ತೆಗೆಸಿಕೊಂಡು ಕೋಲೂರಿಕೊಂಡು ಹೋದಳು. ಮತಗಟ್ಟೆ ನನ್ನ ಅಂಗಡಿಯಿಂದ ನೂರು ಹೆಜ್ಜೆ. ಮಾವ ದಿನವಿಡೀ ನನ್ನ ಮುಂದೆಯೇ ಓಡಾಡಿದ. ನೋಡೋಣದವರ ಪಟ್ಟಿ ಹಿಡಿದು ಇನ್ನೂ ಬಾರದವರ ಮನೆಗೆ ಹೋಗಿ ಬರುತ್ತಿದ್ದ, ಪ್ರತಿ ಸಲವೂ ನನ್ನತ್ತ ಕೈ ಬೀಸಿ ಹೋಗುತ್ತಿದ್ದ.

ಎಣಿಕೆಯ ದಿನ ಎಂಟನೆಯ ಸಲ ಅದೇ ಬೆಂಚಿನ ಮೇಲೆ ಕೂತ. ಎದುರು ಪಕ್ಷಕ್ಕೆ ಸಾವಿರದ ನಾನೂರ ಎರಡು. ನರ್ಸಮ್ಮನಿಗೆ ಸಾವಿರದ ಮುನ್ನೂರ ತೊಂಬತ್ತೆಂಟು.

ನಾಲ್ಕು ಮತ.

ಎರಡು ಸಲ ಮರುಎಣಿಕೆ ಮಾಡಿಸಿದರು. ನಾಲ್ಕು ನಾಲ್ಕಾಗಿಯೇ ಉಳಿಯಿತು. ಇನ್ನೂರ ಹನ್ನೆರಡರಿಂದ ನಾಲ್ಕಕ್ಕೆ ಇಳಿಸಿದ್ದಕ್ಕೆ ಶೇಕಡಾ ಅವರನ್ನು ಮೇಲಿನವರು ಹೊಗಳಿ ದೊಡ್ಡ ಕ್ಷೇತ್ರಕ್ಕೆ ಕಳಿಸಿದರು. ಹೋಗುವಾಗ ಅವರು ಮಾವನನ್ನು ಹುಡುಕಿಕೊಂಡು ಹೋಗಿ, "ನೀವು ನಿಜ ಹೇಳದೆ ಸುಮ್ಮನಿದ್ದಿದ್ರೆ ಮುನ್ನೂರರಿಂದ ಸೋಲ್ತಿದ್ವಿ" ಎಂದರಂತೆ. ಮಾವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಮೂರು ದಿನ ಮನೆಬಿಟ್ಟು ಹೊರಗೆ ಬರಲಿಲ್ಲ. ಮುನ್ನೂರಾದರೆ ತಡೆದುಕೊಳ್ಳಬಹುದು, ನಾಲ್ಕನ್ನು ಹೇಗೆ ತಡೆದುಕೊಳ್ಳುವುದು?

ಭಾನುವಾರ ಮಾತ್ರ ಊಟಕ್ಕೆ ಬಂದ. ಒಂದು ಸುತ್ತು ಇಳಿದುಹೋಗಿದ್ದ. ಅಮ್ಮ ಬಡಿಸಿ, ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಹಾಕಿದೆ" ಎಂದಳು. "ನಿನಗಲ್ಲ. ಆ ನರ್ಸಿಗೆ."

ಮಾವ ತಟ್ಟೆಯಿಂದ ತಲೆ ಎತ್ತಿದ. ಕಣ್ಣಲ್ಲಿ ನೀರು ಬಂತು, ಮರೆಮಾಡಲು ಹೋಗಲಿಲ್ಲ. "ನನಗಲ್ಲ ಅಂದ್ಯಲ್ಲ ಅಕ್ಕ, ಅಷ್ಟು ಸಾಕು" ಎಂದ. ಅವನು ಅಷ್ಟು ಸಂತೋಷಪಟ್ಟಿದ್ದನ್ನು ನಾನು ಅತ್ತೆ ಹೋದ ಮೇಲೆ ನೋಡಿರಲಿಲ್ಲ. ಎರಡು ತುತ್ತು ಉಂಡ. ಆಮೇಲೆ, ಮನೆಯಲ್ಲಿ ಇನ್ನೊಬ್ಬಳು ಇದ್ದಾಳೆ ಎಂದು ಅವನಿಗೆ ಆಗಷ್ಟೇ ನೆನಪಾಯಿತು ಅನಿಸುತ್ತದೆ, ನನ್ನ ಕಡೆ ತಿರುಗಿದ.

"ನೀನು?"

ಹಾಕಿದೆ ಮಾವ ಎಂದುಬಿಡಬಹುದಿತ್ತು. ಗುಟ್ಟಿನ ಮತ, ಯಾರು ನೋಡಿದ್ದಾರೆ? ಆದರೆ ಆ ಹದಿನೇಳು ದಿನ ಅವನು ಎಲ್ಲರ ಬಾಯಿಂದ ನಿಜ ಹೊರಡಿಸಿದ್ದನ್ನು ಟೈಪ್ ಮಾಡಿದವಳು ನಾನೇ.

"ಹೋಗ್ಲಿಲ್ಲ ಮಾವ. ಅಂಗಡಿ ಬಿಟ್ಟು ಬರೋಕಾಗ್ಲಿಲ್ಲ." ಅಷ್ಟು ಹೇಳಿ ನಿಲ್ಲಿಸಬೇಕಿತ್ತು. ಸಿಟ್ಟು ಎಲ್ಲಿತ್ತೋ ಏನೋ, ಒಟ್ಟಿಗೆ ಬಂತು. "ಐನೂರ ನಲವತ್ತು ಮನೆಗೆ ಹೋಗಿ ಕೇಳ್ದೆ. ಆ ಪಟ್ಟಿ ಟೈಪ್ ಮಾಡಿದ್ದು ಯಾರು, ನಕಲು ತೆಗೆದಿದ್ದು ಯಾರು? ನೀನು ದಿನಾ ನನ್ನ ಅಂಗಡೀಲೇ ಕೂತಿದ್ದೆ. ನನ್ನನ್ನ ಮಾತ್ರ ಒಂದು ಸಲಾನೂ ಕೇಳ್ಲಿಲ್ಲ."

ಅಮ್ಮ ನನ್ನನ್ನು ನೋಡಿದಳು, ಮಾವನನ್ನು ನೋಡಿದಳು.

"ಹೌದು" ಎಂದ ಮಾವ. "ಕೇಳ್ಬೇಕಿತ್ತು. ನನ್ನ ತಪ್ಪು." ನೀರು ಕುಡಿದು ಲೋಟ ಕೆಳಗಿಟ್ಟ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನೂ ಇನ್ನೆರಡು ಮಾತಾಡುತ್ತಿದ್ದೆ. "ಆದ್ರೆ ನಿನಗೆ ಎಲ್ಲಾ ಗೊತ್ತಿತ್ತಲ್ಲೇ. ಕೇಳದೇ ಇದ್ರೂ ಬರಬಹುದಿತ್ತು."

ನಾನು ಅವನಿಗೆ ಇನ್ನಷ್ಟು ಅನ್ನ ಬಡಿಸಿದೆ. ಬೇಡ ಅನ್ನಲಿಲ್ಲ, ಉಂಡ.